ಪಾಪ ಮನುಷ್ಯನ ಹುಟ್ಟುಗುಣವೇ?

ಮಾನ್ಯ ಸಂಪಾದಕರೇ,

‘ಹುಟ್ಟುಪಾಪಿ’ ಎಂಬ ತಲೆಬರಹದಡಿ ತಮ್ಮ ವಾಚಕರ ವಿಭಾಗದಲ್ಲಿ ಪ್ರಕಟವಾದ ಪತ್ರವನ್ನು ಓದಿದೆ. ಕಣ್ಣು ಬಿಡದ ಹಸುಗೂಸನ್ನೂ ಪಾಪಿಯೆನ್ನುವ ಕ್ರೈಸ್ತ ಬೋಧನೆ ಮನುಷ್ಯಕುಲಕ್ಕೆ ಮಾಡಿದ ಅವಮಾನವೆಂದೂ, ಪ್ರತಿ ಮಗುವೂ ವಿಶ್ವಮಾನವನಾಗಿಯೇ ಹುಟ್ಟುತ್ತದೆ ಎಂದ ಕುವೆಂಪು ಅವರ ನಾಡಿನಲ್ಲಿ ಅಂಥ ಬೋಧನೆಗೆ ಜಾಗವಿಲ್ಲವೆಂದೂ ಆ ಪತ್ರದ ಸಾರ. ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕನ್ನಡ ಕ್ರೈಸ್ತ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟೆಂಟ್ ಸಭೆಯವನು (‘ಸಭೆ’ಯೆಂದರೆ ನಮ್ಮಲ್ಲಿ ಚರ್ಚು), ನನ್ನ ಮನೆಯವರು ಕಥೋಲಿಕ ಕುಟುಂಬದಿಂದ ಬಂದವರು. ಹೀಗಾಗಿ ‘ದೀಕ್ಷಾಸ್ನಾನ’, ‘ಜ್ಞಾನಸ್ನಾನ’ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ, ಬ್ಯಾಪ್ಟಿಸಂ) ಎಂಬ ಎರಡು ಮಾತೂ ನಮ್ಮ ಮನೆಯಲ್ಲಿ ಬಳಕೆಯಲ್ಲಿವೆ, ಮೊದಲ ಮನುಷ್ಯ ಆದಾಮನ ಅವಿಧೇಯತೆಯಿಂದ ಮನುಷ್ಯಕುಲಕ್ಕೆಲ್ಲ ಅಂಟಿಬಂದದ್ದೆನ್ನುವ ‘ಆದಿಪಾಪ’ದ ವಿಚಾರದಲ್ಲಿ ಆಗಾಗ ಊಟದ ಹೊತ್ತಿನ ಚರ್ಚೆಯೂ ಉಂಟು. ಆ ಸಲುಗೆಯಿಂದ ಈ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಕ್ಷಮಿಸಬೇಕು.

ಮೊದಲಿಗೆ, ಪತ್ರ ಬರೆದವರ ಸಿಟ್ಟು ಅಕಾರಣವಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನನಗೆ ಒಂಬತ್ತೋ ಹತ್ತೋ ವರ್ಷವಾಗಿದ್ದಾಗ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಪ್ರಸಂಗಿಯೊಬ್ಬರು, ನೀವೆಲ್ಲ ತಾಯಿಯ ಹೊಟ್ಟೆಯಲ್ಲಿರುವಾಗಲೇ ನರಕಕ್ಕೆ ಹೆಸರು ಬರೆಸಿಕೊಂಡವರು ಎಂದು ಮೇಜು ಗುದ್ದಿ ಹೇಳಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಮಲಗಿದ್ದ ಅಜ್ಜಿ ಕಾರಣ ಕೇಳಿ ತಿಳಿದು, “ದೇವರು ಮಾಡಿದ್ದು ಕೆಟ್ಟದ್ದಾಗಿರುತ್ತೇನೋ ಮಗಾ? ಕೆಟ್ಟಿದ್ದು ಆಮೇಲೆ” ಎಂದು ಹೇಳಿ ತಟ್ಟಿ ಮಲಗಿಸಿದರು. ಓದು ಬರಹ ಹೆಚ್ಚು ಬಾರದ ಆ ಹೆಂಗಸು ಅಂದು ಹೇಳಿದ ಮಾತು, ಹದಿನಾರು ಶತಮಾನಗಳ ದೇವಶಾಸ್ತ್ರದ ವಾದವಿವಾದಗಳ ನಡುವೆ ಸಭೆ ಬಿಡದೆ ಹಿಡಿದುಕೊಂಡು ಬಂದ ಮಾತೇ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಕನ್ನಡ ಮೇಷ್ಟ್ರಾದ ನನಗೆ ಇಲ್ಲಿ ವ್ಯಾಕರಣದ ಒಂದು ಸಂಗತಿಯನ್ನು ಹೇಳದಿರಲಾಗದು. ‘ಕೆಟ್ಟ’ ಎಂಬುದು ನಮ್ಮಲ್ಲಿ ‘ಒಳ್ಳೆಯ’ ಎಂಬುದಕ್ಕೆ ಸರಿಜೋಡಿಯಾಗಿ ನಿಂತ ಬರೀ ಗುಣವಾಚಕವಲ್ಲ. ಅದು ‘ಕೆಡು’ ಧಾತುವಿನ ಭೂತಕೃದಂತ. ಹಾಲು ಕೆಟ್ಟಿತು, ಗಡಿಯಾರ ಕೆಟ್ಟಿತು, ಹುಡುಗ ಕೆಟ್ಟ ಎನ್ನುವಾಗ, ಅದು ಮೊದಲು ಚೆನ್ನಾಗಿತ್ತು ಎಂಬ ಅರ್ಥ ಆ ಕ್ರಿಯಾಪದದೊಳಗೇ ಅಡಗಿದೆ. ಕಲ್ಲು ಕೆಡುವುದಿಲ್ಲ, ಕೆಡುವುದಕ್ಕೆ ಹಾಲೇ ಬೇಕು. ಮನುಷ್ಯ ಪಾಪಿ ಎಂದು ಬೈಬಲ್ ಹೇಳುವುದು ಈ ಅರ್ಥದಲ್ಲಿ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಗಂಡನ್ನೂ ಹೆಣ್ಣನ್ನೂ ತನ್ನ ಸ್ವರೂಪದಲ್ಲಿ ಸೃಷ್ಟಿಸಿ, ತಾನು ಮಾಡಿದ್ದನ್ನೆಲ್ಲ ನೋಡಿ ಅದು ಬಹಳ ಒಳ್ಳೆಯದಾಗಿದೆ ಎಂದು ಕಂಡುಕೊಳ್ಳುತ್ತಾನೆ. ಹಾವು, ಹಣ್ಣು, ಅವಿಧೇಯತೆಗಳು ಬರುವುದು ಮೂರನೆಯ ಅಧ್ಯಾಯದಲ್ಲಿ. ಈ ಕ್ರಮವನ್ನು ತಲೆಕೆಳಗು ಮಾಡಿ ಮೂರನೆಯ ಅಧ್ಯಾಯದಿಂದಲೇ ಪ್ರಸಂಗ ಆರಂಭಿಸುವವರು ನಮ್ಮಲ್ಲಿದ್ದಾರೆ, ಆದರೆ ಅದು ಅವರ ಅವಸರವೇ ಹೊರತು ಧರ್ಮಗ್ರಂಥದ ಮಾತಲ್ಲ.

ಹಾಗಾದರೆ ಪಾಪ ಮನುಷ್ಯನ ಸ್ವಭಾವವೇ? ‘ಸ್ವಭಾವ’ವೆಂದರೆ ತನ್ನದೇ ಆದ ಭಾವ, ತಾನು ತಾನಾಗಿರುವ ರೀತಿ ಎಂಬ ಅರ್ಥ ಹಿಡಿದರೆ, ಅಲ್ಲ ಎಂಬುದೇ ಸಭೆಯ ಉತ್ತರ. ಇದಕ್ಕೆ ಒಂದು ಬಲವಾದ ಕಾರಣವಿದೆ. ಯೇಸುಸ್ವಾಮಿ ಪೂರ್ಣ ದೇವರೂ ಪೂರ್ಣ ಮನುಷ್ಯರೂ ಆಗಿದ್ದಾರೆಂದು 451ರ ಕಾಲ್ಸೆಡನ್ ಮಹಾಸಭೆ ಸಾರಿತು. ಅವರು ನಮ್ಮಂತೆ ಎಲ್ಲ ಬಗೆಯಲ್ಲೂ ಶೋಧನೆಗೆ (ಪ್ರಲೋಭನೆಗೆ) ಒಳಗಾದರೂ ಪಾಪರಹಿತರಾಗಿದ್ದರೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಪಾಪವೇ ಮನುಷ್ಯತ್ವದ ತಿರುಳಾಗಿದ್ದರೆ ಪಾಪರಹಿತನಾದವನು ಪೂರ್ಣ ಮನುಷ್ಯನಾಗುವುದು ಹೇಗೆ? ಹದಿನಾರನೆಯ ಶತಮಾನದಲ್ಲಿ ಫ್ಲಾಸಿಯಸ್ ಎಂಬ ಲೂಥರನ್ (ಸುಧಾರಕ ಮಾರ್ಟಿನ್ ಲೂಥರರ ಪಂಥದ) ಪಂಡಿತ, ಆದಾಮನ ಪತನದ ನಂತರ ಆದಿಪಾಪವೇ ಮನುಷ್ಯನ ಮೂಲದ್ರವ್ಯವಾಗಿಬಿಟ್ಟಿದೆ ಎಂದು ವಾದಿಸಿದಾಗ, ಮನುಷ್ಯನ ಪಾಪದ ಬಗ್ಗೆ ಅತ್ಯಂತ ಕಠಿಣವಾಗಿ ಮಾತನಾಡುತ್ತಿದ್ದ ಲೂಥರನ್ನರೇ 1577ರ ತಮ್ಮ ವಿಶ್ವಾಸಪತ್ರದಲ್ಲಿ ಆ ವಾದವನ್ನು ತಳ್ಳಿಹಾಕಿದರು. ದೇವರು ಸೃಷ್ಟಿಸಿದ ಸ್ವಭಾವ ಬೇರೆ, ಅದಕ್ಕೆ ಹತ್ತಿದ ರೋಗ ಬೇರೆ ಎಂಬುದು ಅವರ ತೀರ್ಪು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ನಮ್ಮ ಗಾದೆಯನ್ನು ಕ್ರೈಸ್ತ ವಿಶ್ವಾಸ ಒಪ್ಪುವುದಿಲ್ಲ; ಒಪ್ಪಿದರೆ ಸುವಾರ್ತೆ, ಅಂದರೆ ಶುಭಸುದ್ದಿ, ಎಂಬ ಹೆಸರಿಗೇ ಅರ್ಥವಿರದು.

ಪದದ ವಿಷಯಕ್ಕೆ ಮತ್ತೊಮ್ಮೆ ಬರುತ್ತೇನೆ, ಏಕೆಂದರೆ ತಪ್ಪು ತಿಳಿವಳಿಕೆಯ ಅರ್ಧ ಪಾಲು ಅಲ್ಲಿದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಹಮಾರ್ತಿಯಾ’ ಎಂಬ ಪದದ ಮೂಲಾರ್ಥ ಗುರಿ ತಪ್ಪುವುದು. ಹಳೆಯ ಒಡಂಬಡಿಕೆಯ ಹೀಬ್ರೂ ಪದದ ಮೂಲಾರ್ಥವೂ ಅದೇ. ನ್ಯಾಯಸ್ಥಾಪಕರು ಗ್ರಂಥದ ಇಪ್ಪತ್ತನೆಯ ಅಧ್ಯಾಯದಲ್ಲಿ, ಕೂದಲೆಳೆಗೂ ಕವಣೆ ಬೀಸಿ ಗುರಿ ತಪ್ಪದ ಎಡಚ ಯೋಧರನ್ನು ಹೇಳುವಾಗ ಬಳಸಿರುವುದು ಪಾಪಕ್ಕೆ ಬಳಸುವ ಕ್ರಿಯಾಪದವನ್ನೇ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಪದವಿದೆ: ತಪ್ಪು. ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ಮಾತು ತಪ್ಪುತ್ತದೆ, ತಾಳ ತಪ್ಪುತ್ತದೆ. ನಾವು ದಿನವೂ ಹೇಳುವ ಪ್ರಭುವಿನ ಪ್ರಾರ್ಥನೆಯ ಕನ್ನಡದಲ್ಲಿ ಕ್ಷಮೆ ಕೇಳುವುದು ‘ತಪ್ಪು’ಗಳಿಗೇ. ಆದರೆ ಉಳಿದ ಕಡೆಗಳಲ್ಲಿ ಅನುವಾದಕರು ‘ಪಾಪ’ವನ್ನು ಆರಿಸಿಕೊಂಡರು, ಆ ಪದದ ಬೆನ್ನಿಗೆ ಪುಣ್ಯಪಾಪಗಳ ಲೆಕ್ಕ, ಪೂರ್ವಜನ್ಮದ ಸಂಚಿತ, ಯಮಲೋಕದ ದಂಡ ಎಲ್ಲವೂ ಅಂಟಿಕೊಂಡು ಬಂದವು. ಕ್ರೈಸ್ತರು ಮಗುವನ್ನು ಪಾಪಿಯೆಂದರು ಎಂದಾಗ ಕನ್ನಡಿಗನ ಕಿವಿಗೆ ಕೇಳಿಸುವುದು, ಆ ಕೂಸು ಏನೋ ಘೋರ ಕೃತ್ಯ ಮಾಡಿದೆ ಎಂಬಂತೆ. (ಅದೇ ಕನ್ನಡದಲ್ಲಿ ಮಗುವನ್ನು ‘ಪಾಪು’ ಎಂದೂ, ನೊಂದವರನ್ನು ಕಂಡಾಗ ‘ಅಯ್ಯೋ ಪಾಪ’ ಎಂದೂ ಅನ್ನುತ್ತೇವೆ. ಈ ಮೂರಕ್ಕೂ ಒಂದೇ ಬೇರೆಂದು ನಾನು ಹೇಳುತ್ತಿಲ್ಲ, ಆದರೆ ಪ್ರಸಂಗಿಗಳು ಮೊದಲನೆಯದನ್ನು ಹೇಳುವಾಗ ಉಳಿದೆರಡನ್ನು ನೆನೆದರೆ ದನಿ ಸ್ವಲ್ಪ ತಗ್ಗೀತು.)

ಕೂಸು ಏನನ್ನೂ ಮಾಡಿಲ್ಲ ಎಂಬುದನ್ನು ಸಭೆಯೂ ಬಲ್ಲದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ, ಆದಿಪಾಪವು ಆದಾಮನ ಸಂತತಿಯಲ್ಲಿ ಯಾರದೇ ವೈಯಕ್ತಿಕ ಅಪರಾಧವಲ್ಲವೆಂದೂ, ಅದು ಮಾಡಿದ ಪಾಪವಲ್ಲ, ಅಂಟಿಬಂದ ಸ್ಥಿತಿಯೆಂದೂ, ಮನುಷ್ಯ ಸ್ವಭಾವ ಗಾಯಗೊಂಡಿದೆಯೇ ಹೊರತು ಪೂರ್ತಿಯಾಗಿ ಕೆಟ್ಟುಹೋಗಿಲ್ಲವೆಂದೂ ಹೇಳುತ್ತದೆ. ಬೆಂಗಳೂರಿಗರಿಗೆ ಇದನ್ನು ತಿಳಿಸಲು ವೃಷಭಾವತಿಯೇ ಸಾಕು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತದೆಂದು ಹಿರಿಯರು ಹೇಳುತ್ತಿದ್ದ ಆ ಹೊಳೆ, ಗಾಳಿ ಆಂಜನೇಯನ ಗುಡಿಯನ್ನು ದಾಟಿ ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯತ್ತ ಸಾಗುವ ಹೊತ್ತಿಗೆ ಮೂಗು ಮುಚ್ಚಿಕೊಳ್ಳದೆ ನಿಲ್ಲಲಾಗದಂತಾಗಿರುತ್ತದೆ. ಮುಂದೆ ಅದು ಅರ್ಕಾವತಿಯನ್ನು, ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಕೆಳದಂಡೆಯ ಹಳ್ಳಿಯಲ್ಲಿ ಇಂದು ಹುಟ್ಟಿದ ಮಗು ಆ ನೀರಿಗೆ ಒಂದು ಹನಿ ಕೊಳೆಯನ್ನೂ ಸೇರಿಸಿಲ್ಲ, ಆದರೂ ಅದರ ಬಾವಿಯ ನೀರು ಕೆಟ್ಟಿದೆ. ಹಾಗೆಂದು ಹೊಳೆಯೇ ಕೊಳಚೆ, ಕೊಳಚೆಯಾಗಿಯೇ ಹುಟ್ಟಿತು ಎಂದರೆ ಅದೂ ಸುಳ್ಳು. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ನೀರಿಗೆ ಮನಸ್ಸಿಲ್ಲ; ನಾವು ಕೊಳೆಯನ್ನು ಬರಿದೇ ಹೊರುವವರಲ್ಲ, ಬೆಳೆದಂತೆ ಅದನ್ನು ಇಷ್ಟಪಡಲು ಕಲಿಯುತ್ತೇವೆ.

ಆ ಇಷ್ಟದ ಬಗ್ಗೆ ಯಾರಿಗಿಂತಲೂ ಹೆಚ್ಚು ಯೋಚಿಸಿದವರು, ಇಂದಿನ ಅಲ್ಜೀರಿಯಾದಲ್ಲಿದ್ದ ತಗಾಸ್ತೆ ಎಂಬ ಊರಿನಲ್ಲಿ 354ರಲ್ಲಿ ಹುಟ್ಟಿದ ಸಂತ ಅಗಸ್ಟೀನರು. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಂದಿಗೆ ರಾತ್ರಿಯಲ್ಲಿ ನೆರೆಯವರ ಪೇರ್ ಹಣ್ಣಿನ ಮರವನ್ನು ಬೋಳಿಸಿದ ಪ್ರಸಂಗವನ್ನು ಅವರು ಆತ್ಮಕಥನದಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಹಸಿವಿರಲಿಲ್ಲ, ಹಣ್ಣು ನೋಡಲೂ ಚೆನ್ನಾಗಿರಲಿಲ್ಲ, ರುಚಿಯೂ ಇರಲಿಲ್ಲ, ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿತ್ತು, ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಮತ್ತೇಕೆ ಕದ್ದದ್ದು? ಮಾಡಬಾರದು ಎಂಬ ಕಾರಣಕ್ಕೇ ಮಾಡಿದೆ, ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ ಎಂಬಲ್ಲಿಗೆ ಅವರ ಶೋಧನೆ ಬಂದು ತಲುಪುತ್ತದೆ. ಇಷ್ಟು ಸಣ್ಣ ಕಳ್ಳತನಕ್ಕೆ ಇಷ್ಟು ದೊಡ್ಡ ವ್ಯಥೆಯೇ ಎಂದು ನಗುವವರುಂಟು, ತರುಣನಾಗಿದ್ದಾಗ ನಾನೂ ನಕ್ಕಿದ್ದೆ. ಆದರೆ ಮೂವತ್ತು ವರ್ಷ ತರಗತಿಯ ಮುಂದೆ ನಿಂತವನಿಗೆ ಆ ಗುಂಪಿನ ಪರಿಚಯ ಚೆನ್ನಾಗಿ ಆಗುತ್ತದೆ: ಒಬ್ಬೊಬ್ಬನನ್ನೇ ಕರೆದು ಕೇಳಿದರೆ ಎಲ್ಲರೂ ಸಾಧು ಹುಡುಗರು, ನಾಲ್ವರು ಸೇರಿದರೆ ಮೆತ್ತಗಿನ ಐದನೆಯವನಿಗೆ ಉಳಿಗಾಲವಿಲ್ಲ, ಕಾರಣ ಕೇಳಿದರೆ ಯಾರಿಗೂ ಗೊತ್ತಿಲ್ಲ. ಅದೇ ಆತ್ಮಕಥನದಲ್ಲಿ, ಇನ್ನೂ ಮಾತು ಬಾರದ ಕೂಸೊಂದು ತನ್ನೊಂದಿಗೆ ಹಾಲು ಹಂಚಿಕೊಂಡ ಇನ್ನೊಂದು ಕೂಸನ್ನು ನೋಡಿ ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡದ್ದನ್ನು ತಾನು ಕಂಡಿದ್ದೇನೆಂದು ಅಗಸ್ಟೀನರು ಬರೆಯುತ್ತಾರೆ. ಎರಡನೆಯ ಹೆರಿಗೆ ಕಂಡ ಮನೆಯವರು ಯಾರೂ ಇದನ್ನು ಅಲ್ಲಗಳೆಯಲಾರರು.

ಅಗಸ್ಟೀನರಿಗೆ ಎದುರಾಗಿ ನಿಂತವರು ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲಾಗಿಯಸ್. ಆದಾಮನ ಪಾಪ ಆದಾಮನಿಗಷ್ಟೇ ಹಾನಿ ಮಾಡಿತು, ಉಳಿದವರಿಗೆ ಅದು ಕೆಟ್ಟ ಮೇಲ್ಪಂಕ್ತಿ ಮಾತ್ರ. ಮನಸ್ಸು ಮಾಡಿದರೆ ಯಾರು ಬೇಕಾದರೂ ಪಾಪವಿಲ್ಲದೆ ಬಾಳಬಹುದು, ಇಲ್ಲದಿದ್ದರೆ ದೇವರು ಆಜ್ಞೆ ಕೊಡುತ್ತಿದ್ದುದಾದರೂ ಏಕೆ ಎಂಬುದು ಅವರ ವಾದ. 418ರ ಕಾರ್ಥೇಜ್ ಸಭೆ ಇದನ್ನು ಖಂಡಿಸಿತು. ಇಂದಿನ ಓದುಗರಿಗೆ ಪೆಲಾಗಿಯಸ್ ಉದಾರಿಯಂತೆಯೂ ಅಗಸ್ಟೀನರು ಕಟುಕರಂತೆಯೂ ಕಾಣುತ್ತಾರೆ. ನನಗೆ ಮೊದಲು ಹಾಗೆಯೇ ಕಂಡಿತ್ತು. ಕುಡಿತ ಬಿಡಲು ಹತ್ತು ಸಲ ಆಣೆ ಮಾಡಿ ಹತ್ತು ಸಲವೂ ಸೋತ ಬಂಧುವೊಬ್ಬರ ಜೊತೆ ವರ್ಷಗಟ್ಟಲೆ ಓಡಾಡಿದ ಮೇಲೆ ಅಭಿಪ್ರಾಯ ಬದಲಾಯಿತು. ನಿನ್ನಿಂದ ಸಾಧ್ಯ, ನೀನು ಮನಸ್ಸು ಮಾಡುತ್ತಿಲ್ಲ ಅಷ್ಟೇ ಎಂದು ಎಲ್ಲರೂ ಹೇಳಿದ್ದು ಅವರನ್ನು ಇನ್ನಷ್ಟು ಆಳಕ್ಕೆ ನೂಕಿತು; 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಕೂಟದಲ್ಲಿ, ಕುಡಿತದ ಮುಂದೆ ನಾವು ಶಕ್ತಿಹೀನರೆಂದು ಒಪ್ಪಿಕೊಳ್ಳುವುದೇ ಮೊದಲ ಹೆಜ್ಜೆ ಎಂಬುದನ್ನು ಕೇಳಿದ ದಿನ ಅವರು ಅತ್ತರು. ಸಾಧ್ಯವೆಂದು ಹೇಳುವ ಬೋಧನೆ ಸೋತವನ ಮೇಲೆ ಪೂರ್ತಿ ಹೊಣೆ ಹೊರಿಸಿ ಹೊರಟುಹೋಗುತ್ತದೆ, ಆಗದು ಎನ್ನುವ ಬೋಧನೆ ಅವನ ಪಕ್ಕದಲ್ಲಿ ಕುಳಿತು ಕೃಪೆಯ ಮಾತೆತ್ತುತ್ತದೆ. “ನಾನು ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡದೆ, ಬೇಡವೆನಿಸುವ ಕೆಟ್ಟದ್ದನ್ನೇ ಮಾಡುತ್ತೇನೆ” ಎಂದು ಆದಿ ಸಭೆಯ ಬೋಧಕ ಪೌಲರು ರೋಮಿನವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ನರಳುವುದು ಇದನ್ನೇ. ಇದು ಕ್ರೈಸ್ತರದೇ ನರಳಾಟವೂ ಅಲ್ಲ. ಇಚ್ಛೆಯಿಲ್ಲದಿದ್ದರೂ ಬಲಾತ್ಕಾರದಿಂದ ನೂಕಿದಂತೆ ಮನುಷ್ಯ ಪಾಪ ಮಾಡುವುದು ಯಾವುದರ ಪ್ರೇರಣೆಯಿಂದ ಎಂದು ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ. ಪ್ರದಕ್ಷಿಣೆ ಹಾಕುವಾಗ ‘ಪಾಪೋಹಂ ಪಾಪಕರ್ಮಾಹಂ ಪಾಪಾತ್ಮಾ ಪಾಪಸಂಭವಃ’ ಎಂದು ನಮ್ಮ ನೆರೆಹೊರೆಯವರು ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಎರಡೂ ಒಂದೇ ಎನ್ನಲಾರೆ. ಕರ್ಮಸಿದ್ಧಾಂತದಲ್ಲಿ ಪ್ರತಿಯೊಬ್ಬನದು ಅವನವನ ಗಂಟು. ಕ್ರೈಸ್ತ ನೋಟದಲ್ಲಿ ಇದು ಇಡೀ ಕುಲದ ಸಹಭಾಗಿತ್ವ. ಆದರೆ ‘ಪಾಪಸಂಭವ’ ಎಂಬ ಕಲ್ಪನೆಯೇ ಈ ಮಣ್ಣಿಗೆ ಪರಕೀಯ ಎಂಬ ಮಾತು ನಿಲ್ಲುವುದಿಲ್ಲ.

ಅಗಸ್ಟೀನರು ಹೇಳಿದ್ದೆಲ್ಲವನ್ನೂ ಕ್ರೈಸ್ತರೆಲ್ಲ ನುಂಗಿಕೊಂಡಿಲ್ಲ ಎಂಬುದನ್ನೂ ಸೇರಿಸಬೇಕು. ಪೌಲರ ಅದೇ ಪತ್ರಿಕೆಯ ಐದನೆಯ ಅಧ್ಯಾಯದ ಒಂದು ವಾಕ್ಯವನ್ನು ಅವರು ಲ್ಯಾಟಿನ್ ಅನುವಾದದಲ್ಲಿ ‘ಅವನಲ್ಲಿ ಎಲ್ಲರೂ ಪಾಪ ಮಾಡಿದರು’ ಎಂಬರ್ಥದಲ್ಲಿ ಓದಿದರು. ಗ್ರೀಕ್ ಮೂಲವನ್ನು ‘ಎಲ್ಲರೂ ಪಾಪ ಮಾಡಿದ್ದರಿಂದ’ ಎಂದು ಓದುವುದೇ ಸಹಜ. ಗ್ರೀಕ್ ಬಲ್ಲ ಪೂರ್ವದೇಶಗಳ (ಆರ್ಥೊಡಾಕ್ಸ್) ಸಭೆಗಳು ಆದಾಮನಿಂದ ನಮಗೆ ಬಂದದ್ದು ಮರಣ ಮತ್ತು ದೌರ್ಬಲ್ಯವೇ ಹೊರತು ಅಪರಾಧದ ಹೊಣೆಯಲ್ಲ ಎನ್ನುತ್ತ ಬಂದಿವೆ. ಹದಿನಾರನೆಯ ಶತಮಾನದ ಸುಧಾರಕ ಕಾಲ್ವಿನ್ ಪರಂಪರೆಯವರು ‘ಸಂಪೂರ್ಣ ಭ್ರಷ್ಟತೆ’ ಎನ್ನುವಾಗಲೂ, ಪಾಪದ ಸೋಂಕು ತಗಲದ ಮೂಲೆ ಮನುಷ್ಯನಲ್ಲಿಲ್ಲ ಎಂಬುದು ತಾತ್ಪರ್ಯವೇ ಹೊರತು, ಪ್ರತಿಯೊಬ್ಬನೂ ಆಗಬಹುದಾದಷ್ಟು ಕೆಟ್ಟವನಾಗಿದ್ದಾನೆ ಎಂದಲ್ಲ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳು ರಕ್ಷಣೆ ಹೊಂದುತ್ತವೆಂದು ನಿರೀಕ್ಷಿಸಲು ಗಟ್ಟಿ ಆಧಾರಗಳಿವೆಯೆಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗವೇ 2007ರಲ್ಲಿ ಹೇಳಿದೆ. ನನ್ನ ಬಾಲ್ಯದ ಆ ಪ್ರಸಂಗಿಗಳು ಅದನ್ನು ಓದಿದ್ದರೆ ಚೆನ್ನಾಗಿತ್ತು.

ಈಗ ಕುವೆಂಪು ಅವರ ಮಾತಿಗೆ ಬರೋಣ. ನಾನದನ್ನು ಮಕ್ಕಳಿಗೆ ಪ್ರೀತಿಯಿಂದಲೇ ಕಲಿಸಿದವನು. ವಿಶ್ವಮಾನವನಾಗಿ ಹುಟ್ಟಿದ ಮಗುವನ್ನು ಜಾತಿ, ಮತ, ದೇಶ, ಭಾಷೆಗಳ ಕಟ್ಟಿಗೆ ಸಿಕ್ಕಿಸಿ ಅಲ್ಪಮಾನವನನ್ನಾಗಿ ಮಾಡುತ್ತೇವೆ ಎಂದರು ಅವರು. ನಿಜ. ಆದರೆ ಕಟ್ಟಿದವರು ಯಾರು? ತಂದೆತಾಯಿ, ಬಂಧುಬಳಗ, ಊರು. ಅವರೂ ಒಂದು ಕಾಲಕ್ಕೆ ಹುಟ್ಟುತ್ತ ವಿಶ್ವಮಾನವರೇ ಆಗಿದ್ದರಲ್ಲ? ಅವರನ್ನು ಕಟ್ಟಿದವರು? ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದರೆ, ಎಲ್ಲರೂ ಬಿಡುಗಡೆಯಾಗಿಯೇ ಹುಟ್ಟುವ ಲೋಕದಲ್ಲಿ ಮೊದಲ ಹಗ್ಗ ಎಲ್ಲಿಂದ ಬಂತು, ಮತ್ತು ಪ್ರತಿ ತಲೆಮಾರೂ ಅದನ್ನು ಬಿಚ್ಚಿಹಾಕುವ ಬದಲು ಇನ್ನೊಂದು ಸುತ್ತು ಬಿಗಿಯುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಆದಿಪಾಪವೆಂಬುದು ಆ ಪ್ರಶ್ನೆಗೆ ಸಭೆ ಇಟ್ಟ ಹೆಸರು. ಜಾತಿಯನ್ನೇ ತೆಗೆದುಕೊಳ್ಳಿ. ಇಂದು ಬದುಕಿರುವ ಯಾರೂ ಅದನ್ನು ಸೃಷ್ಟಿಸಿದವರಲ್ಲ. ಆದರೂ ಮಗು ಮಾತು ಕಲಿಯುವ ಮುನ್ನವೇ ಅದು ಯಾರ ಮನೆಯ ಹೊಸ್ತಿಲು ದಾಟಬಹುದು, ಯಾವ ಲೋಟದಲ್ಲಿ ನೀರು ಕುಡಿಯಬಹುದು ಎಂಬುದು ತೀರ್ಮಾನವಾಗಿರುತ್ತದೆ. ದೊಡ್ಡದಾದ ಮೇಲೆ ಅದು ಆ ತೀರ್ಮಾನಕ್ಕೆ ತನ್ನ ರುಜುವನ್ನೂ ಹಾಕುತ್ತದೆ. ನಮ್ಮ ಸಭೆಗಳೂ ಹೊರತಲ್ಲ. ದೀಕ್ಷಾಸ್ನಾನದ ನೀರು ತಲೆಯ ಮೇಲೆ ಬಿದ್ದವರೇ ಮದುವೆಯ ಮಾತುಕತೆಯಲ್ಲಿ ‘ನಮ್ಮವರೇನಾ?’ ಎಂದು ದನಿ ತಗ್ಗಿಸಿ ಕೇಳುವುದನ್ನು ನಾನು ಕೇಳಿದ್ದೇನೆ, ಒಮ್ಮೆ ನನ್ನ ಮನೆಯ ನಡುಮನೆಯಲ್ಲೇ ಕೇಳಿ ಸುಮ್ಮನಿದ್ದೇನೆ. ಯಾರೂ ಹೇಳಿಕೊಡದೆ ಬಂದ ಆ ಮೌನವನ್ನು ನಾನು ಬೇರೆ ಯಾವ ಹೆಸರಿನಿಂದ ಕರೆಯಲಿ?

ಇಲ್ಲೊಂದು ಎಚ್ಚರಿಕೆ ಅಗತ್ಯ, ಮತ್ತು ಇದು ಪತ್ರ ಬರೆದವರಿಗಿಂತ ನನ್ನ ಸಭೆಯವರಿಗೆ ಹೇಳುವ ಮಾತು. ಈ ಬೋಧನೆಯನ್ನು ಉತ್ತಮ ಪುರುಷದಲ್ಲಿ ಮಾತ್ರ ಆಡಬಹುದು. ‘ಪಾಪದಲ್ಲೇ ನನ್ನ ತಾಯಿ ನನ್ನನ್ನು ಗರ್ಭಧರಿಸಿದಳು’ ಎಂಬ ಐವತ್ತೊಂದನೆಯ ಕೀರ್ತನೆಯ ಮಾತನ್ನು ಕೂಸುಗಳಿಗೆ ಅನ್ವಯಿಸುವವರು, ಅದು ಯಾರ ಬಾಯಿಂದ ಬಂತು ಎಂಬುದನ್ನು ಮರೆಯುತ್ತಾರೆ. ಊರೀಯನ ಹೆಂಡತಿಯನ್ನು ಅಪಹರಿಸಿ ಊರೀಯನನ್ನು ಕೊಲ್ಲಿಸಿದ ದಾವೀದ ರಾಜ, ಪ್ರವಾದಿ ನಾತಾನ ಎದುರು ನಿಂತು ಬೆರಳು ತೋರಿದ ಮೇಲೆ, ತನ್ನ ಬೇರಿನವರೆಗೂ ಹುಳುಕು ಇಳಿದಿದೆ ಎಂದು ಕಂಡು ಅತ್ತ ಅಳು ಅದು. ಯೇಸುಸ್ವಾಮಿಯಂತೂ ‘ಆದಿಪಾಪ’ ಎಂಬ ಪದವನ್ನು ಎಲ್ಲೂ ಆಡಿದವರಲ್ಲ. ಕೆಟ್ಟ ಆಲೋಚನೆಗಳು ಹೊರಡುವುದು ಮನುಷ್ಯನ ಹೃದಯದೊಳಗಿನಿಂದಲೇ ಎಂದು ಅವರು ಖಂಡಿತವಾಗಿ ಹೇಳಿದರು; ಆದರೆ ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಎಂದರು. ಅವರು ಹೇಳಿದ ಕಥೆಯೊಂದರಲ್ಲಿ, ದೇವಾಲಯದಲ್ಲಿ ಫರಿಸಾಯನೊಬ್ಬ (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವನು) ಉಳಿದವರ ಪಾಪಗಳ ಪಟ್ಟಿ ಓದಿದ, ಸುಂಕದವನು ದೂರದಲ್ಲಿ ನಿಂತು “ದೇವರೇ, ಪಾಪಿಯಾದ ನನ್ನನ್ನು ಕರುಣಿಸು” ಎಂದ. ದೇವರ ಮೆಚ್ಚುಗೆ ಪಡೆದು ಮನೆಗೆ ಹೋದವನು ಎರಡನೆಯವನು. ‘ನಾನು ಪಾಪಿ’ ಎಂಬುದು ಪ್ರಾರ್ಥನೆ, ‘ನೀನು ಪಾಪಿ’ ಎಂಬುದು ಬೈಗುಳ. ಈ ವ್ಯತ್ಯಾಸವನ್ನು ಮರೆತು ಧ್ವನಿವರ್ಧಕ ಹಿಡಿದವರಿಂದ ನಮಗೂ ನಾಚಿಕೆಯಾಗಿದೆ, ಕೇಳಿದವರಿಗೂ ನೋವಾಗಿದೆ.

ಹಾಗಿದ್ದರೆ ಏನೂ ಅರಿಯದ ಕೂಸಿಗೆ ದೀಕ್ಷಾಸ್ನಾನವೇಕೆ ಎಂದೂ ಆ ಪತ್ರದಲ್ಲಿ ಕೇಳಲಾಗಿದೆ. ಶಿಶುಗಳಿಗೆ ದೀಕ್ಷಾಸ್ನಾನ ಕೊಡದ ಬ್ಯಾಪ್ಟಿಸ್ಟ್ ಮುಂತಾದ ಸಭೆಗಳೂ ಈ ನಗರದಲ್ಲಿವೆ. ಅವರ ಉತ್ತರ ಬೇರೆಯಿದ್ದೀತು. ನಮ್ಮ ಸಭೆಯದನ್ನು ಹೇಳಬಲ್ಲೆ. ಎರಡು ವರ್ಷದ ಹಿಂದೆ ನನ್ನ ಮೊಮ್ಮಗಳಿಗೆ ದೀಕ್ಷಾಸ್ನಾನವಾದಾಗ, ಕೆಟ್ಟದ್ದನ್ನು ತ್ಯಜಿಸುತ್ತೀರಾ, ಈ ಮಗುವನ್ನು ದೇವರ ಪ್ರೀತಿಯಲ್ಲಿ ಬೆಳೆಸುತ್ತೀರಾ ಎಂದು ಸಭಾಪಾಲಕರು ಪ್ರಶ್ನೆ ಕೇಳಿದ್ದು ಹೆತ್ತವರನ್ನೂ ಜ್ಞಾನ ತಂದೆತಾಯಿಯರನ್ನೂ (ಗಾಡ್‌ಪೇರೆಂಟ್ಸ್), ಅವರ ಹಿಂದೆ ನಿಂತಿದ್ದ ನಮ್ಮೆಲ್ಲರನ್ನೂ. ಮಗುವನ್ನು ಯಾರೂ ಏನೂ ಕೇಳಲಿಲ್ಲ. ಅದು ನಿದ್ದೆಯಲ್ಲಿತ್ತು, ನೀರು ಬಿದ್ದಾಗ ಎಚ್ಚೆತ್ತು ಒಮ್ಮೆ ಅತ್ತು, ಅಜ್ಜಿಯ ಹೆಗಲಿಗೆ ಬಂದ ಮೇಲೆ ಮತ್ತೆ ಮಲಗಿತು.

ಕೊನೆಯದಾಗಿ ಒಂದು ಕೋರಿಕೆ. ಮುಂದೆ ಈ ವಿಷಯದಲ್ಲಿ ಪತ್ರಗಳು ಬಂದಾಗ, ಅವು ಪರವಾಗಿರಲಿ ವಿರೋಧವಾಗಿರಲಿ, ತಲೆಬರಹದಲ್ಲಿ ‘ಹುಟ್ಟುಪಾಪಿ’ ಎಂಬುದರ ಬದಲು ನಮ್ಮ ಸಭೆಗಳಲ್ಲಿ ಬಳಕೆಯಲ್ಲಿರುವ ‘ಆದಿಪಾಪ’ ಎಂಬ ಪದವನ್ನೇ ಬಳಸಬೇಕೆಂದು ವಿನಂತಿಸುತ್ತೇನೆ. ಮೊದಲನೆಯದು ವ್ಯಕ್ತಿಗೆ ಹಚ್ಚುವ ಹೆಸರು, ಎರಡನೆಯದು ಸ್ಥಿತಿಯೊಂದರ ಹೆಸರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ,
ಲಿಂಗರಾಜಪುರ, ಬೆಂಗಳೂರು